ಮಗಳಿಗೆ ಕರುಳಿನ ಸರ್ಜರಿಯೇ ಬೇಕಂತೆ, ಏನು ಹೇಳಲಿ?

ಪ್ರಶ್ನೆ: ಕುಂದಾಪುರದ ಹತ್ತಿರ ಸಣ್ಣ ಹೋಟೆಲ್ ಇಟ್ಟುಕೊಂಡಿದ್ದೇನೆ. ವಯಸ್ಸು 56. ಮಗಳು ಮಂಗಳೂರಿನಲ್ಲಿ ಎಂಬಿಬಿಎಸ್ ಮುಗಿಸಿ ಈಗ ಹೌಸ್ ಸರ್ಜನ್ಸಿ ಮಾಡುತ್ತಿದ್ದಾಳೆ. ಕಣ್ಣಿನ ಡಾಕ್ಟರೋ ಚರ್ಮದ ಡಾಕ್ಟರೋ ಆಗುತ್ತಾಳೆ ಅಂದುಕೊಂಡಿದ್ದೆವು. ಈಗ ಜನರಲ್ ಸರ್ಜರಿ ಮಾಡಿ, ಕರುಳಿನ ಕಾಯಿಲೆಗಳಲ್ಲೇ ಮುಂದುವರಿದು, ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ ಅನ್ನುತ್ತಾಳೆ. ದಿನವಿಡೀ ಮಲ, ಕೀವು ಅಂತ ಇರುವ ಗಲೀಜು ಕೆಲಸ. ಸ್ವಂತ ಆಸ್ಪತ್ರೆ ಮಾಡಿದವರಷ್ಟು ಸಂಪಾದನೆಯೂ ಇಲ್ಲವಂತೆ. ಮದುವೆ ಯಾವಾಗ? ನೀವು ಅದೇ ಕೆಲಸದಲ್ಲಿ ಇರುವವರು, ನಿಜ ಹೇಳಿ. ಹಾಗೆಯೇ, ನನಗೆ ನಾಲ್ಕು ತಿಂಗಳಿನಿಂದ ಆಗಾಗ ಮಲದಲ್ಲಿ ರಕ್ತ ಹೋಗುತ್ತದೆ. ಒಲೆಯ ಹತ್ತಿರ ನಿಂತು ನಿಂತು ಉಷ್ಣವಾಗಿ ಮೂಲವ್ಯಾಧಿ ಆಗಿರಬೇಕು. ಮನೆಮದ್ದು ಇದ್ದರೆ ತಿಳಿಸಿ.

ಉತ್ತರ: ನಿಮ್ಮ ಕೊನೆಯ ಸಾಲುಗಳಿಗೆ ಕೊನೆಯಲ್ಲೇ ಬರುತ್ತೇನೆ. ಮಗಳ ವಿಷಯ ಓದಿದ್ದಾಯಿತು ಅಂತ ನಡುವೆ ಎದ್ದು ಹೋಗಬೇಡಿ.

ಗಲೀಜು ಕೆಲಸ ಅಂದಿರಿ. ಹೌದು ಮಾರಾಯರೆ, ಗಲೀಜೇ. ಎರಡು ವಾರದಲ್ಲಿ ಮೂಗು ಒಗ್ಗುತ್ತದೆ, ಆಮೇಲೆ ಅದರ ನೆನಪೂ ಇರುವುದಿಲ್ಲ. ನಮ್ಮ ವಾರ್ಡಿನಲ್ಲಿ ಬೆಳಗಿನ ರೌಂಡಿನ ಮೊದಲ ಪ್ರಶ್ನೆಯೇ "ಗಾಳಿ ಹೋಯಿತಾ?" ಅಂತ. ಆಪರೇಷನ್ ಆದ ಮೇಲೆ ಕರುಳು ಒಂದೆರಡು ದಿನ ಮುಷ್ಕರ ಹೂಡಿ ಮಲಗಿರುತ್ತದೆ. ಅದು ಕೆಲಸಕ್ಕೆ ಮರಳಿತು ಅನ್ನುವುದಕ್ಕೆ ಆ ಗಾಳಿಯೇ ಸಾಕ್ಷಿ. ಮನೆಯಲ್ಲಿ ಮುಖ ಸಿಂಡರಿಸುವ ಹೆಂಡತಿಯೇ ಇಲ್ಲಿ ಗಂಡ ಹೂಸು ಬಿಟ್ಟರೆ ಸಿಸ್ಟರ್ ಹತ್ತಿರ ಓಡಿ ಬಂದು ಸುದ್ದಿ ಹೇಳುತ್ತಾಳೆ.

ಗಲೀಜು ಅನ್ನುವ ಆ ಭಾವನೆಯಿಂದ ನಿಜವಾಗಿ ತೊಂದರೆಪಡುವವರು ರೋಗಿಗಳು. ಬಂಟ್ವಾಳ ಕಡೆಯ ಒಬ್ಬರು ಅಮ್ಮ, ಬೀಡಿ ಕಟ್ಟುವವರು. ಹೆರಿಗೆಯ ಹೊತ್ತಿಗೆ ಗುದದ ಸ್ನಾಯು ಹರಿದಿತ್ತು. ಮಲ ಹಿಡಿದುಕೊಳ್ಳಲು ಆಗುತ್ತಿರಲಿಲ್ಲ. ಮದುವೆ, ಕೋಲ, ಬಸ್ಸು ಎಲ್ಲ ಬಿಟ್ಟು ಹತ್ತೊಂಬತ್ತು ವರ್ಷ ಮನೆಯಲ್ಲೇ ಕೂತಿದ್ದರು. ಹೆತ್ತ ಮಗಳಿಗೂ ಹೇಳಿರಲಿಲ್ಲ. ಲೇಡಿ ಡಾಕ್ಟರ್ ಒಬ್ಬರು ಇದ್ದಾರೆ ಅಂತ ಯಾರೋ ಹೇಳಿದ ಮೇಲೆ ಬಂದರು, ಬಂದವರು ಅರ್ಧ ಗಂಟೆ ಮಂಡಿನೋವಿನ ಮಾತೇ ಆಡಿದರು. ಹರಿದ ಸ್ನಾಯುವಿನ ಎರಡು ತುದಿ ಹುಡುಕಿ, ಒಂದರ ಮೇಲೊಂದು ತಂದು ಹೊಲಿದೆವು. ಪೂರ್ತಿ ಸರಿಯಾಯಿತು ಅನ್ನಲಾರೆ. ಆದರೆ ಮುಂದಿನ ಸಲ ಬರುವಾಗ ಧರ್ಮಸ್ಥಳದ ಪ್ರಸಾದ ತಂದಿದ್ದರು, ಬಸ್ಸಿನಲ್ಲೇ ಹೋಗಿ ಬಂದರಂತೆ. ನನ್ನ ವೃತ್ತಿಯಲ್ಲಿ ಹೆಣ್ಣಾಗಿರುವುದಕ್ಕೆ "ಸಿಸ್ಟರ್, ಡಾಕ್ಟರ್ ಯಾವಾಗ ಬರುತ್ತಾರೆ?" ಅಂತ ನನ್ನನ್ನೇ ಕೇಳಿಸಿಕೊಂಡದ್ದು ಎಷ್ಟು ಸಲವೋ. ಇಂಥ ಅಮ್ಮಂದಿರ ಲೆಕ್ಕ ಹಾಕಿದರೆ ಅದು ಸರಿದೂಗಿದೆ.

ದಾರಿ ಉದ್ದವೇ. ಹೌಸ್ ಸರ್ಜನ್ಸಿಯೂ ಸೇರಿ ಎಂಬಿಬಿಎಸ್ ಐದೂವರೆ ವರ್ಷ. ಇನ್ನು ನೀಟ್ ಪಿಜಿ ಬರೆದು ಎಂ.ಎಸ್. ಜನರಲ್ ಸರ್ಜರಿ, ಮೂರು ವರ್ಷ. ಕರುಳಿನಲ್ಲೇ ಮುಂದುವರಿಯಬೇಕಾದರೆ ಇನ್ನೊಂದು ನೀಟ್ ಬರೆದು ಸರ್ಜಿಕಲ್ ಗ್ಯಾಸ್ಟ್ರೋಎಂಟರಾಲಜಿಯಲ್ಲಿ ಎಂ.ಸಿಎಚ್., ಅದೂ ಮೂರು ವರ್ಷ. ಇಲ್ಲವೇ ಎಂ.ಎಸ್. ಆದ ಮೇಲೆ ದೊಡ್ಡ ಕರುಳು, ಗುದನಾಳದ ಸರ್ಜರಿಯಲ್ಲಿ ಫೆಲೋಶಿಪ್. ಪಾಠ ಮಾಡಲು ಎಂ.ಎಸ್. ನಂತರ ಒಂದು ವರ್ಷ ಸೀನಿಯರ್ ರೆಸಿಡೆಂಟ್ ಆಗಿ ದುಡಿದು ಅಸಿಸ್ಟೆಂಟ್ ಪ್ರೊಫೆಸರ್ ಆಗಬಹುದು. ಅಲ್ಲಿ ನಾಲ್ಕು ವರ್ಷ, ಅಸೋಸಿಯೇಟ್ ಆಗಿ ಮೂರು ವರ್ಷ, ನಡುವೆ ಸಂಶೋಧನಾ ಲೇಖನಗಳು, ಆಮೇಲೆ ಪ್ರೊಫೆಸರ್. ಊರು ಬಿಟ್ಟು ಹೋಗಬೇಕಾದೀತು ಅನ್ನುವ ಹೆದರಿಕೆ ಬೇಡ. ಮಂಗಳೂರಿನ ಸರ್ಕಾರಿ ಆಸ್ಪತ್ರೆ ವೆನ್ಲಾಕ್ 1848ರಿಂದ ಇದೆ. ಮಣಿಪಾಲದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು (ಕೆಎಂಸಿ) 1953ರಲ್ಲಿ ಶುರುವಾಯಿತು, 1955ರಲ್ಲಿ ಮಂಗಳೂರಿಗೂ ಬಂದು ವೆನ್ಲಾಕ್ ವಾರ್ಡುಗಳನ್ನೇ ತರಗತಿ ಮಾಡಿಕೊಂಡಿತು. ಈಗ ದಕ್ಷಿಣ ಕನ್ನಡ ಜಿಲ್ಲೆಯೊಂದರಲ್ಲೇ ಎಂಟು ಮೆಡಿಕಲ್ ಕಾಲೇಜುಗಳು. ದೇರಳಕಟ್ಟೆ ಬಸ್ಸಿನಲ್ಲಿ ಕೂತರೆ ಅಕ್ಕಪಕ್ಕದವರ ಬ್ಯಾಗಿನಿಂದ ಒಂದಾದರೂ ಸ್ಟೆತಸ್ಕೋಪ್ ಇಣುಕುತ್ತಿರುತ್ತದೆ.

ಪಾಠ ಮಾಡುವುದು ಅಂದರೆ ಬೋರ್ಡಿನ ಮುಂದೆ ನಿಲ್ಲುವುದು ಅಂತ ನೀವು ಎಣಿಸಿರಬಹುದು. ಅದು ಸ್ವಲ್ಪವೇ. ಹೊಸ ಹುಡುಗನಿಗೆ ಕಾವಲಿಯ ಮುಂದೆ ನಿಲ್ಲಿಸಿ ದೋಸೆ ಹುಯ್ಯಲು ಕಲಿಸಿದ್ದೀರಿ ಅಲ್ವಾ? ಅವನ ಕೈಯಿಂದ ಸೌಟು ಕಿತ್ತುಕೊಳ್ಳದೆ ಪಕ್ಕದಲ್ಲಿ ಸುಮ್ಮನೆ ನಿಲ್ಲುವುದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತು. ನಮ್ಮದೂ ಅದೇ, ಹರಿದ ದೋಸೆಯನ್ನು ಬದಿಗೆ ಹಾಕುವ ಹಾಗಿಲ್ಲ ಅಷ್ಟೆ. ಎಂ.ಎಸ್. ಓದುತ್ತಿರುವ ಪಿಜಿ ಹುಡುಗ ಮೊದಲ ಸಲ ಕರುಳಿನ ಎರಡು ತುದಿ ಸೇರಿಸಿ ಹೊಲಿಯುವಾಗ ನಾನು ಎದುರು ಬದಿಯಲ್ಲಿ ನಿಂತು ದಾರ ಹಿಡಿದಿರುತ್ತೇನೆ. ಬಿಗಿಯಾದರೆ ಅಂಚಿಗೆ ರಕ್ತ ಬಾರದೆ ಸಾಯುತ್ತದೆ, ಸಡಿಲವಾದರೆ ಸೋರುತ್ತದೆ. ನಾನು ಇಪ್ಪತ್ತು ನಿಮಿಷದಲ್ಲಿ ಮುಗಿಸುವುದನ್ನು ಅವನು ಒಂದು ಗಂಟೆ ಮಾಡುತ್ತಾನೆ. ಆ ಗಂಟೆಯನ್ನು ಕೊಡುವ ತಾಳ್ಮೆ ಇಲ್ಲದವರು ಸ್ವಂತ ಪ್ರಾಕ್ಟೀಸ್ ಮಾಡುವುದೇ ಒಳ್ಳೆಯದು, ಅದರಲ್ಲಿ ಅವಮಾನವೇನೂ ಇಲ್ಲ.

ಹೀಗೆ ಕೈಗೆ ಕೈ ಹಿಡಿದು ಕಲಿಸಿದ್ದರಿಂದ ಏನಾಗಬಹುದು ಅನ್ನುವುದಕ್ಕೆ ನಾನು ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ಹೇಳುವ ಒಂದು ಕಥೆ ಇದೆ. ಗುದನಾಳದ ಕ್ಯಾನ್ಸರ್ ತೆಗೆದರೂ ಮೊದಲೆಲ್ಲ ನೂರರಲ್ಲಿ ಇಪ್ಪತ್ತು ಮೂವತ್ತು ಜನರಿಗೆ ಅದೇ ಜಾಗದಲ್ಲಿ ಮತ್ತೆ ಬರುತ್ತಿತ್ತು. ಗುದನಾಳದ ಸುತ್ತ ಒಂದು ಕೊಬ್ಬಿನ ಹೊದಿಕೆ, ಅದರ ಹೊರಗೆ ಜೇಡರ ಬಲೆಯಷ್ಟು ತೆಳುವಾದ ಒಂದು ಪದರ ಇರುತ್ತದೆ. ಎಳನೀರು ಬೊಂಡದ ಗಂಜಿಯನ್ನು ಹರಿಯದೆ ಇಡಿಯಾಗಿ ಚಿಪ್ಪಿನಿಂದ ಬಿಡಿಸಿದ ಹಾಗೆ ಆ ಪದರದಲ್ಲೇ ಸಾಗಿ ಹೊದಿಕೆ ಸಮೇತ ತೆಗೆಯಬೇಕು ಅಂತ ಇಂಗ್ಲೆಂಡಿನ ಸರ್ಜನ್ ಬಿಲ್ ಹೀಲ್ಡ್ 1982ರಲ್ಲಿ ಬರೆದರು. ಬರೆದು ಸುಮ್ಮನಾಗಲಿಲ್ಲ, ಊರೂರಿಗೆ ಹೋಗಿ ಮಾಡಿ ತೋರಿಸಿದರು. 1990ರ ದಶಕದಲ್ಲಿ ಸ್ಟಾಕ್‌ಹೋಮಿನ ಸರ್ಜನ್‌ಗಳನ್ನೆಲ್ಲ ಕಾರ್ಯಾಗಾರಕ್ಕೆ ಕರೆದು ಇದನ್ನು ಕಲಿಸಿದರು. ಅಲ್ಲಿ ಕ್ಯಾನ್ಸರ್ ಮರಳುವ ಪ್ರಮಾಣ ನೂರಕ್ಕೆ ಸುಮಾರು 15 ಇದ್ದದ್ದು 6ಕ್ಕೆ ಇಳಿಯಿತು. ಶಾಶ್ವತವಾಗಿ ಹೊಟ್ಟೆಯ ಮೇಲೆ ಮಲದ ಚೀಲ ಕಟ್ಟಿಕೊಳ್ಳಬೇಕಾದವರ ಪ್ರಮಾಣವೂ ಅರ್ಧಕ್ಕಿಂತ ಕಡಿಮೆಯಾಯಿತು. ಕೈ ಹೇಗೆ ಆಡಬೇಕು ಅಂತ ಕಲಿಸಿದ್ದಕ್ಕೆ ಸಿಕ್ಕಿದ ಫಲ ಇದು. ನಾನೊಬ್ಬಳೇ ಒಂದು ವರ್ಷಕ್ಕೆ ಎಷ್ಟು ಆಪರೇಷನ್ ಮಾಡಿಯೇನು?

ಚೀಲದ ಮಾತು ಬಂತು. ಹೊಟ್ಟೆಯ ಮೇಲೆ ಮಲದ ದಾರಿ ಮಾಡಬೇಕಾದರೆ ಅದನ್ನು ಎಲ್ಲಿ ಮಾಡಬೇಕು ಅನ್ನುವುದನ್ನು ಟೇಬಲ್ಲಿನ ಮೇಲೆ ಪ್ರಜ್ಞೆಯಿಲ್ಲದೆ ಮಲಗಿದವರ ಹೊಟ್ಟೆ ನೋಡಿ ನಿರ್ಧರಿಸಿದರೆ ಕೆಟ್ಟಿತು. ಹಿಂದಿನ ದಿನವೇ ವಾರ್ಡಿನಲ್ಲಿ ಎಬ್ಬಿಸಿ ನಿಲ್ಲಿಸುತ್ತೇನೆ. ಮೀನುಗಾರರಾದರೆ ಲುಂಗಿ ಎತ್ತಿ ಕಟ್ಟಿಸಿ, ಬಲೆ ಎಳೆಯುವ ಹಾಗೆ ಬಗ್ಗಿಸಿ ನೋಡುತ್ತೇನೆ. ಅರ್ಚಕರಾದರೆ ಪಂಚೆ ಉಡಿಸಿ ಚಕ್ಕಳಮಕ್ಕಳ ಹಾಕಿ ಕೂರಿಸುತ್ತೇನೆ. ಹೆಂಗಸರಾದರೆ ಲಂಗದ ಲಾಡಿ ಎಲ್ಲಿ ಕೂರುತ್ತದೆ ನೋಡುತ್ತೇನೆ. ಮಡಿಕೆ ಬೀಳದ, ಗಂಟು ತಾಗದ, ಅವರ ಕಣ್ಣಿಗೇ ಕಾಣುವ ಜಾಗ ಸಿಕ್ಕಿದ ಮೇಲೆ ಮಾರ್ಕರ್ ಪೆನ್ನಿನಲ್ಲಿ ಗುರುತು. ನಾನು ಓದಿದ ವಿದೇಶಿ ಪುಸ್ತಕದಲ್ಲಿ ಪ್ಯಾಂಟಿನ ಬೆಲ್ಟು ತಪ್ಪಿಸಿ ಅಂತ ಇತ್ತು. ಲುಂಗಿಯ ವಿಷಯ ನಾವೇ ಬರೆದುಕೊಳ್ಳಬೇಕು.

ಸಂಶೋಧನೆ ಅಂದರೆ ನನ್ನ ಮಟ್ಟಿಗೆ ಇದೇ. ಸಣ್ಣ ಕರುಳು ಮುಗಿದು ದೊಡ್ಡ ಕರುಳು ಶುರುವಾಗುವ ಮೂಲೆಯಲ್ಲಿ ಹುಣ್ಣಾಗಿ, ದಾರಿ ಕಿರಿದಾಗಿ, ಹೊಟ್ಟೆನೋವಿನಿಂದ ಸೊರಗಿ ಬರುವವರು ನಮ್ಮಲ್ಲಿ ಬಹಳ. ಅದು ಕ್ಷಯವೂ ಇರಬಹುದು, 1932ರಲ್ಲಿ ನ್ಯೂಯಾರ್ಕಿನ ಕ್ರೋನ್ ಮತ್ತು ಜೊತೆಗಾರರು ವಿವರಿಸಿದ, ಕರುಳಿನಲ್ಲಿ ಉರಿಯೂತ ಆಗುವ ಕ್ರೋನ್ಸ್ ಕಾಯಿಲೆಯೂ ಇರಬಹುದು. ಗುದದ ದಾರಿಯಿಂದ ಕ್ಯಾಮೆರಾ ನಳಿಕೆ ಹಾಕಿ ನೋಡುವ ಕೊಲೊನೋಸ್ಕೋಪಿಯಲ್ಲಿ ಕಂಡರೂ, ಚೂರು ಕಿತ್ತು ಸೂಕ್ಷ್ಮದರ್ಶಕದಲ್ಲಿಟ್ಟರೂ ಎಷ್ಟೋ ಸಲ ಅವಳಿ ಮಕ್ಕಳ ಹಾಗೆ ಕಾಣುತ್ತವೆ. ಕ್ರೋನ್ಸ್ ಅಂತ ರೋಗನಿರೋಧಕ ಶಕ್ತಿ ತಗ್ಗಿಸುವ ಮದ್ದು ಕೊಟ್ಟು, ಅದು ಕ್ಷಯವಾಗಿದ್ದರೆ ಮೈಯೆಲ್ಲ ಹರಡುತ್ತದೆ. ಕ್ಷಯ ಅಂತ ಮದ್ದು ಕೊಟ್ಟು, ಅದು ಕ್ರೋನ್ಸ್ ಆಗಿದ್ದರೆ ತಿಂಗಳುಗಟ್ಟಲೆ ವ್ಯರ್ಥ, ಕರುಳು ಇನ್ನಷ್ಟು ಕಿರಿದು. ಕ್ಷಯವೇ ಅಪರೂಪವಾದ ದೇಶದವರಿಗೆ ಈ ಪ್ರಶ್ನೆ ಇಷ್ಟು ಕಾಡುವುದಿಲ್ಲ, ನಮ್ಮಂಥವರೇ ತಲೆ ಕೆಡಿಸಿಕೊಳ್ಳಬೇಕು. ಸಣ್ಣ ಪ್ರಶ್ನೆಯೂ ಸಾಕಾಗುತ್ತದೆ. ಹೊಟ್ಟೆ ಹೊಲಿದು ಮುಚ್ಚುವ ಮೊದಲು ಗ್ಲೌಸು ಮತ್ತು ಉಪಕರಣ ಬದಲಾಯಿಸಿದರೆ ಗಾಯಕ್ಕೆ ಕೀವಾಗುವುದು ತಗ್ಗುತ್ತದಾ? ಭಾರತವೂ ಸೇರಿ ಏಳು ದೇಶಗಳಲ್ಲಿ 13 ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ ನೋಡಿ 2022ರಲ್ಲಿ ಪ್ರಕಟಿಸಿದರು: ನೂರಕ್ಕೆ 18.9 ಇದ್ದದ್ದು 16ಕ್ಕೆ ಬಂತು. ಒಂದು ಜೊತೆ ಗ್ಲೌಸು! ಇಂಥದ್ದು ಮಾಡುವುದು ಬಿಟ್ಟು ಬಡ್ತಿಯ ಲೆಕ್ಕಕ್ಕಾಗಿ ದುಡ್ಡು ಕೊಟ್ಟು ಎಲ್ಲೋ ಅಚ್ಚು ಹಾಕಿಸುವವರೂ ನಮ್ಮ ನಡುವೆ ಇದ್ದಾರೆ. ನಿಮ್ಮ ಮಗಳು ಆ ಸಾಲಿಗೆ ಸೇರದಿರಲಿ.

ಇನ್ನು ನಾನು ಈ ಕೆಲಸ ಬಿಡದಿರುವ ಕಾರಣ. ಇದನ್ನು ಹೇಳಲು ನನಗೆ ಸ್ವಲ್ಪ ಮುಜುಗರವೇ.

ಕೆಲವು ವರ್ಷಗಳ ಹಿಂದೆ ಒಬ್ಬರು ತಾಂಡೇಲರಿಗೆ, ಅಂದರೆ ಮೀನುಗಾರಿಕೆ ದೋಣಿ ನಡೆಸುವವರಿಗೆ, ಗುದನಾಳದ ಆಪರೇಷನ್ ಮಾಡಿದೆ. ಗಡ್ಡೆ ತೆಗೆದು ಕರುಳಿನ ಎರಡು ತುದಿಗಳನ್ನು ಸ್ಟೇಪ್ಲರಿನಲ್ಲಿ ಜೋಡಿಸಿದೆ. ಆ ಯಂತ್ರ ಒಳಗಿನಿಂದ ಎರಡು ಉಂಗುರ ಕತ್ತರಿಸಿ ಕೊಡುತ್ತದೆ, ಗೊಂಬೆಯಾಟಕ್ಕೆ ಮಾಡಿದ ಉದ್ದಿನ ವಡೆಯ ಹಾಗೆ. ಎರಡೂ ಸುತ್ತ ಪೂರ್ತಿ ಇರಬೇಕು, ಕಚ್ಚಿದ ಹಾಗಿರಬಾರದು. ಪೂರ್ತಿ ಇದ್ದವು. ಆಮೇಲೆ ಕಿಬ್ಬೊಟ್ಟೆಯಲ್ಲಿ ಸಲೈನ್ ತುಂಬಿಸಿ ಗುದದ ಕಡೆಯಿಂದ ಗಾಳಿ ಹೊಡೆಯುತ್ತೇವೆ. ಸೈಕಲ್ ಅಂಗಡಿಯವ ಟ್ಯೂಬನ್ನು ಬಾಲ್ದಿಯಲ್ಲಿ ಮುಳುಗಿಸಿ ಪಂಕ್ಚರ್ ಹುಡುಕುತ್ತಾನಲ್ಲ, ಅದೇ ಪರೀಕ್ಷೆ. ಒಂದು ಗುಳ್ಳೆ ಬರಲಿಲ್ಲ. ಖುಷಿಯಿಂದ ಮನೆಗೆ ಹೋದೆ.

ಐದನೇ ದಿನ ಬೆಳಗ್ಗೆ ರೌಂಡಿಗೆ ಬಂದಾಗ ಅವರಿಗೆ ಜ್ವರವಿಲ್ಲ, ಹೊಟ್ಟೆ ಮೆತ್ತಗೆ, ಹಿಂದಿನ ರಾತ್ರಿ ಗಂಜಿ ತಿಳಿ ಕುಡಿದಿದ್ದರು. ನಾಡಿ ಮಾತ್ರ ನಿಮಿಷಕ್ಕೆ 116, ಜೋರಾಗಿತ್ತು. "ಎಂತದೋ ಸರಿ ಇಲ್ಲ ಮೇಡಂ" ಅಂದರು. ನೋವಾ ಅಂದರೆ ನೋವಿಲ್ಲ, ಎಂತದೋ ಸರಿ ಇಲ್ಲ. ಎರಡನೇ ವರ್ಷದ ಪಿಜಿ ಹುಡುಗಿ, "ಮೇಡಂ, ಜೋಡಣೆ ಸೋರುತ್ತಿರಬಹುದು, ಸಿಟಿ ಸ್ಕ್ಯಾನ್ ಮಾಡಿಸುವ" ಅಂದಳು. ನಾನು "ನಾಳೆ ನೋಡುವ" ಅಂದೆ. ಮಧ್ಯಾಹ್ನ ಮತ್ತೆ ಫೋನ್ ಮಾಡಿದಳು. ನನಗೆ ಕಿರಿಕಿರಿಯಾಯಿತು, ಗದರಿದೆ ಕೂಡ. ಸಂಜೆ ಐದಕ್ಕೆ ಮೂರನೇ ಸಲ ಕೇಳಿದಾಗ ಆಯಿತು ಮಾಡಿಸು ಅಂದೆ. ಸೋರುತ್ತಿತ್ತು. ರಾತ್ರಿಯೇ ಮತ್ತೆ ಹೊಟ್ಟೆ ತೆರೆದು ತೊಳೆದು, ಸಣ್ಣ ಕರುಳನ್ನು ಹೊರತಂದು ಚೀಲ ಕಟ್ಟಿದೆವು. ಹನ್ನೊಂದು ದಿನ ಐಸಿಯುನಲ್ಲಿದ್ದರು. ಬದುಕಿದರು. ನಾಲ್ಕು ತಿಂಗಳ ನಂತರ ಚೀಲ ತೆಗೆದು ಕರುಳನ್ನು ಒಳಗೆ ಹಾಕಿದೆವು.

ಎಷ್ಟೇ ಪಳಗಿದ ಕೈಯಾದರೂ ಇಷ್ಟು ಕೆಳಗಿನ ಜೋಡಣೆಗಳಲ್ಲಿ ಕೆಲವು ಸೋರುತ್ತವೆ, ಅದನ್ನು ನಾನು ಹೊತ್ತುಕೊಂಡು ತಿರುಗುವುದಿಲ್ಲ. ಬೆಳಗ್ಗೆ ಎಂಟರಿಂದ ಸಂಜೆ ಐದರವರೆಗಿನ ಒಂಬತ್ತು ಗಂಟೆ ನನ್ನದು. ತಿಂಗಳ ಕೊನೆಗೆ ಸಾವು, ತೊಡಕುಗಳನ್ನು ಚರ್ಚಿಸುವ ಸಭೆ ಇರುತ್ತದೆ. ಅಲ್ಲಿ ಎದ್ದು ನಿಂತು ಆ ಒಂಬತ್ತು ಗಂಟೆಯನ್ನು ಗಡಿಯಾರದ ಪ್ರಕಾರ ಹೇಳಿದೆ. ಹೌಸ್ ಸರ್ಜನ್ ಮಕ್ಕಳೂ ಕೂತಿದ್ದರು. ಒಬ್ಬ ಕೇಳಿದ, "ನಾಡಿ 116 ಇದ್ದಾಗ ನೀವು ಯಾವ ಆಧಾರದ ಮೇಲೆ ಕಾದಿರಿ?" ಉತ್ತರವಿರಲಿಲ್ಲ. ನಾನೊಬ್ಬಳೇ ಆಸ್ಪತ್ರೆ ನಡೆಸುತ್ತಿದ್ದರೆ ಅವತ್ತು ಮೂರು ಸಲ ಕೇಳುವವರು ಯಾರೂ ಇರುತ್ತಿರಲಿಲ್ಲ, ಮರುದಿನ ಬೆಳಗ್ಗಿನವರೆಗೆ ಕಾಯುತ್ತಿದ್ದೆ. ಪಾಠ ಮಾಡುವ ಜಾಗದಲ್ಲಿ ಸಂಬಳ ಸ್ವಲ್ಪ ಕಡಿಮೆ ಇರಬಹುದು, ಪ್ರಶ್ನೆ ಕೇಳುವವರನ್ನು ಮಾತ್ರ ಕಾಲೇಜೇ ಪ್ರತಿ ವರ್ಷ ಹೊಸದಾಗಿ ಒದಗಿಸುತ್ತದೆ. ಆ ಹುಡುಗಿ ಈಗ ಬೇರೆ ಕಡೆ ಅಸಿಸ್ಟೆಂಟ್ ಪ್ರೊಫೆಸರ್. ಈಗಲೂ ಗದರಿದ್ದನ್ನು ನೆನಪಿಸಿ ನಗುತ್ತಾಳೆ.

ಸಂಪಾದನೆಯ ಬಗ್ಗೆ ನೀವು ಕೇಳಿದ್ದು ಸರಿಯೇ. ನನ್ನ ಜೊತೆ ಎಂ.ಎಸ್. ಮಾಡಿ ನರ್ಸಿಂಗ್ ಹೋಂ ಕಟ್ಟಿದವರು ಎರಡೆರಡು ಮನೆ ಮಾಡಿಕೊಂಡರು, ನಾನು ಫ್ಲ್ಯಾಟಿನ ಸಾಲ ಮೊನ್ನೆ ತೀರಿಸಿದೆ. ಊಟ ಬಟ್ಟೆಗೆ, ಮಕ್ಕಳ ಓದಿಗೆ ಕೊರತೆಯಾಗಲಿಲ್ಲ. ಮದುವೆಯ ಪ್ರಶ್ನೆ ನಿಮ್ಮ ಮಗಳನ್ನೇ ಕೇಳಿ. ನಾನು ಎಂ.ಎಸ್. ಎರಡನೇ ವರ್ಷದಲ್ಲಿ ಮದುವೆಯಾದೆ, ಆರತಕ್ಷತೆಯ ಮರುದಿನ ನೈಟ್ ಡ್ಯೂಟಿ ಇತ್ತು. ಹುಡುಗನ ಕಡೆಯವರಿಗೆ ರಾತ್ರಿ ಎರಡು ಗಂಟೆಯ ಫೋನ್ ಕರೆಯ ಬಗ್ಗೆ ಮೊದಲೇ ಹೇಳಿಬಿಡಿ, ಜಾತಕ ತೋರಿಸುವ ಮುಂಚೆಯೇ.

ಅವಳಿಗೆ ಈ ಕೆಲಸ ಒಗ್ಗುತ್ತದಾ ಅಂತ ತಿಳಿಯಲು ಒಂದು ದಾರಿ ಇದೆ. ಆಪರೇಷನ್ ಥಿಯೇಟರಿನಲ್ಲಿ ನಿಂತು ನೋಡುವುದು ಎಲ್ಲರಿಗೂ ಇಷ್ಟ, ಅದು ಪರೀಕ್ಷೆಯೇ ಅಲ್ಲ. ಕರುಳು ಜೋಡಿಸಿದ ಒಬ್ಬ ರೋಗಿಯನ್ನು ಹಿಡಿದು ಏಳು ದಿನ ಬೆಳಗ್ಗೆ ಸಂಜೆ ಅವರ ಹಾಸಿಗೆಯ ಹತ್ತಿರ ಹೋಗಲಿ. ಹಿರಿಯರು ಹೊಟ್ಟೆನೋವಿಗೆ ತುಳುವಿನಲ್ಲಿ "ಬಂಜಿ ಬೇನೆ" ಅಂದರೆ ಎಲ್ಲಿ, ಯಾವಾಗಿನಿಂದ ಅಂತ ತುಳುವಿನಲ್ಲೇ ಕೇಳಲಿ, ಬಾರದಿದ್ದರೆ ಕಲಿಯಲಿ. ಏನೂ ಆಗದ ಆ ಏಳು ದಿನ ಅವಳಿಗೆ ಬೇಸರ ತರಿಸದಿದ್ದರೆ ಅವಳನ್ನು ತಡೆಯಬೇಡಿ.

ಈಗ ನಿಮ್ಮ ವಿಷಯ. ಮನೆಮದ್ದು ನಾನು ಹೇಳುವುದಿಲ್ಲ, ಕಾರಣ ಗೊತ್ತಾಗದೆ ಹೇಳಲೂಬಾರದು. ಮೂಲವ್ಯಾಧಿಯೇ ಇರಬಹುದು, ಹೆಚ್ಚಿನವರಿಗೆ ಅದೇ ಇರುತ್ತದೆ. ಆದರೆ 56ನೇ ವಯಸ್ಸಿನಲ್ಲಿ ನಾಲ್ಕು ತಿಂಗಳು ರಕ್ತ ಹೋದರೆ ನೋಡದೆ ಹಾಗೆ ಅನ್ನುವಂತಿಲ್ಲ. ಮೂಲವ್ಯಾಧಿ ಇದ್ದವರಿಗೆ ಅದರ ಜೊತೆಗೆ ಕ್ಯಾನ್ಸರ್ ಇರಬಾರದು ಅಂತ ನಿಯಮವೇನೂ ಇಲ್ಲ. ಉಷ್ಣ ಅಂತ ಬಾರ್ಲಿ ನೀರು, ಬೊಂಡ ಕುಡಿಯುತ್ತಾ ವರ್ಷ ಕಳೆದು ಬಂದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ತೂಕ ಇಳಿದಿದೆಯಾ, ಮೆಟ್ಟಿಲು ಹತ್ತಿದರೆ ಸುಸ್ತಾ, ಒಮ್ಮೆ ಮಲಬದ್ಧತೆ ಒಮ್ಮೆ ಭೇದಿ ಅಂತ ಅಭ್ಯಾಸ ಬದಲಾಗಿದೆಯಾ? ಆಗದಿದ್ದರೂ ಈ ವಾರವೇ ತೋರಿಸಿ.

ಮೊದಲು ಡಾಕ್ಟರ್ ಗ್ಲೌಸು ಹಾಕಿ ಬೆರಳಿನಲ್ಲಿ ಪರೀಕ್ಷೆ ಮಾಡುತ್ತಾರೆ. ಒಂದು ನಿಮಿಷದ ಕೆಲಸ, ಗುದನಾಳದ ಎಷ್ಟೋ ಗಡ್ಡೆಗಳು ಆ ಬೆರಳಿಗೇ ಸಿಗುತ್ತವೆ. ನಾಚಿಕೆಯಿಂದ ಬೇಡ ಅನ್ನಬೇಡಿ. ಪರೀಕ್ಷೆಯೇ ಮಾಡದೆ ಮುಲಾಮು ಬರೆದುಕೊಟ್ಟರೆ ಇನ್ನೊಬ್ಬರ ಹತ್ತಿರ ಹೋಗಿ. ಆಮೇಲೆ ಕೊಲೊನೋಸ್ಕೋಪಿ. ಮಂಪರಿನ ಇಂಜೆಕ್ಷನ್ ಕೊಟ್ಟು ಮಾಡಿದರೆ ಅರ್ಧ ಗಂಟೆಯ ಮಾತು. ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ ಹೆಚ್ಚಿನವು ಪಾಲಿಪ್ ಅನ್ನುವ ಸಣ್ಣ ಗುಳ್ಳೆಯಾಗಿ ಶುರುವಾಗಿ ಕೆಡಲು ಸುಮಾರು ಹತ್ತು ವರ್ಷ ತೆಗೆದುಕೊಳ್ಳುತ್ತವೆ. ಗುಳ್ಳೆಯಾಗಿರುವಾಗಲೇ ಸಿಕ್ಕಿದರೆ ಅದೇ ನಳಿಕೆಯಲ್ಲಿ ಕತ್ತರಿಸಿ ತೆಗೆದುಬಿಡಬಹುದು. ಸಕ್ಕರೆ ಕಾಯಿಲೆಗೆ, ರಕ್ತ ತೆಳುವಾಗಲು ಮಾತ್ರೆ ತಿನ್ನುತ್ತಿದ್ದರೆ ಮೊದಲೇ ಹೇಳಿ. ಖರ್ಚಿನ ಚಿಂತೆಯಿದ್ದರೆ ರೇಷನ್ ಕಾರ್ಡ್, ಆಧಾರ್ ಹಿಡಿದುಕೊಂಡು ಸರ್ಕಾರಿ ಆಸ್ಪತ್ರೆಗೆ ಹೋಗಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ವಿಚಾರಿಸಿ.

ಮಗಳನ್ನೇ ಜೊತೆಗೆ ಕರೆದುಕೊಂಡು ಹೋಗಿ. ಹಿಂದಿನ ದಿನ ಕರುಳು ತೊಳೆಯಲು ಒಂದು ಪುಡಿಯನ್ನು ಲೀಟರುಗಟ್ಟಲೆ ನೀರಿನಲ್ಲಿ ಕದಡಿ ಕುಡಿಯಲು ಕೊಡುತ್ತಾರೆ. ಅವತ್ತು ಹೋಟೆಲಿನ ಗಲ್ಲಾದಲ್ಲಿ ಬೇರೆ ಯಾರನ್ನಾದರೂ ಕೂರಿಸಿ, ಆ ಪುಡಿ ಕುಡಿದ ಮೇಲೆ ನಿಮಗೆ ಒಂದು ಕಡೆ ಕೂರಲು ಪುರುಸೊತ್ತು ಇರುವುದಿಲ್ಲ.